ಮೀನಿನ ಲೋಳೆ ಒರೆಸಿದರೆ ಏನಾಗುತ್ತದೆ?

ಪ್ರಶ್ನೆ: ನಾನು ಕೆ.ಆರ್. ಪೇಟೆ ಕಡೆಯ ರೈತ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮತ್ತು ಗೆಂಡೆ ಬಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಬೀಸುಬಲೆ ಹಾಕಿ ಮೂವತ್ತು ಮೀನು ಹಿಡಿದೆವು. ಕೈ ಜಾರದಿರಲಿ ಅಂತ ಒಣ ಟವೆಲ್‌ನಿಂದ ಒರೆಸಿ, ತೂಕ ನೋಡಿ, ವಾಪಸ್ ಬಿಟ್ಟೆವು. ಒರೆಸಿದ್ದರಿಂದ ಯಾವ ಮೀನಿಗೂ ಗಾಯ ಆಗಿರಲಿಲ್ಲ. ಹತ್ತು ದಿನದ ನಂತರ ಏಳೆಂಟು ಮೀನಿನ ಮೈಮೇಲೆ ಬಿಳಿ ಹತ್ತಿಯ ಹಾಗೆ ಬೆಳೆದು, ಅವು ಸತ್ತವು. ನೀರು ಕೆಟ್ಟಿದೆಯೋ, ಮೇವು ಕೆಟ್ಟಿದೆಯೋ? ಇನ್ನೊಂದು ವಿಷಯ. ಅವತ್ತು ಒಂದು ಗೆಂಡೆ ಬಲೆಗೆ ಸಿಕ್ಕಿ ಸಿಪ್ಪೆ ಕಿತ್ತುಹೋಯಿತು. ಅದನ್ನು ಬಿಟ್ಟ ಕೂಡಲೇ ಉಳಿದ ಮೀನೆಲ್ಲ ತಳ ಸೇರಿದವು, ಸಂಜೆ ಮೇವಿಗೂ ಬರಲಿಲ್ಲ. ಮೀನುಗಳು ಒಂದಕ್ಕೊಂದು ಹೇಳಿಕೊಳ್ಳುತ್ತವಾ?

ಉತ್ತರ: ಮೊದಲು ಟವೆಲ್ ವಿಷಯ. ಗಾಯ ಆಗಿರಲಿಲ್ಲ ಅಂತ ಬರೆದಿದ್ದೀರಿ. ಆಗಿತ್ತು, ನಿಮ್ಮ ಕಣ್ಣಿಗೆ ಕಾಣಿಸಿಲ್ಲ ಅಷ್ಟೇ. ಒಣ ಬಟ್ಟೆಯಲ್ಲಿ ಮೀನು ಒರೆಸುವುದು ಅಂದರೆ ಅದರ ಚರ್ಮವನ್ನೇ ಒರೆಸಿ ತೆಗೆದ ಹಾಗೆ. ಇದು ಯಾಕೆ ಅಂತ ತಿಳಿಯಬೇಕಾದರೆ ಮೀನಿನ ಚರ್ಮ ನಮ್ಮದಕ್ಕಿಂತ ಎಷ್ಟು ಬೇರೆ ಅನ್ನುವುದನ್ನು ನೋಡಬೇಕು.

ನಿಮ್ಮ ಅಂಗೈಯನ್ನು ಒಮ್ಮೆ ಉಜ್ಜಿ ನೋಡಿ. ನೀವು ಮುಟ್ಟುತ್ತಿರುವುದು ಸತ್ತ ಕೋಶಗಳನ್ನು. ಮನುಷ್ಯನ ಚರ್ಮದ ಮೇಲ್ಪದರ ಒಣಗಿದ, ಕೆರಾಟಿನ್ ತುಂಬಿದ ಹೊಟ್ಟು. ಅದಕ್ಕೇ ನಾವು ಮೈ ತಿಕ್ಕಿ ಸ್ನಾನ ಮಾಡಿದರೂ ಏನೂ ಆಗುವುದಿಲ್ಲ. ಎಣ್ಣೆ ಸ್ನಾನದ ದಿನ ಸೀಗೆಪುಡಿ ಹಾಕಿ ಉಜ್ಜಿದರೆ ಇನ್ನೂ ಹಿತ. ಮೀನಿಗೆ ಈ ಹೊಟ್ಟಿನ ಪದರ ಇಲ್ಲ. ಅದರ ಚರ್ಮದ ತೀರಾ ಹೊರಗಿನ ಕೋಶವೂ ಜೀವಂತವಾಗಿದೆ, ಬೇಕಾದರೆ ಒಡೆದು ಎರಡಾಗಲೂ ಬಲ್ಲದು. ನಮ್ಮ ತುಟಿಯ ಒಳಭಾಗ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ತುಟಿಯ ಒಳಭಾಗವನ್ನು ಒಣ ಟವೆಲ್‌ನಿಂದ ತಿಕ್ಕಿದರೆ ಹೇಗಿರುತ್ತದೆ, ನೀವೇ ಊಹಿಸಿ.

ಇದಕ್ಕೆ ಅಪವಾದಗಳಿವೆ. ಕಲ್ಲಿಗೆ ಅಂಟಿಕೊಂಡು ಬದುಕುವ ಗಾರ್ರಾ ಜಾತಿಯ ಮೀನುಗಳಿಗೆ ತುಟಿಯ ಬಳಿ ಗಟ್ಟಿ ಕೊಂಬಿನಂಥ ಮೊನೆಗಳಿರುತ್ತವೆ. ದೊಡ್ಡ ನದಿಗಳ ಬಂಡೆಗಳ ನಡುವೆ ಇರುವ ಬಗಾರಿಯಸ್ ಎಂಬ ಮೀಸೆ ಮೀನಿನ ಚರ್ಮವೂ ಒರಟು, ಅದರಲ್ಲಿ ಕೆರಾಟಿನ್ ಇದೆ. ನಿಮ್ಮ ಹೊಂಡದ ಮೂರು ಜಾತಿಗೂ ಮೈಮೇಲೆ ಅಂಥ ಅನುಕೂಲ ಇಲ್ಲ.

ಸಿಪ್ಪೆ ಇದೆಯಲ್ಲ ಸ್ವಾಮಿ, ಅದು ರಕ್ಷಣೆ ಅಲ್ವಾ ಅಂತ ನೀವು ಕೇಳಬಹುದು. ತುಂಬಾ ಜನ ತಪ್ಪು ತಿಳಿದಿರುವುದು ಇಲ್ಲೇ. ಸಿಪ್ಪೆ ಮೀನಿನ ಅಂಗಿ ಅಲ್ಲ, ಅದು ಚರ್ಮದ ಒಳಗಿದೆ. ಒಳಚರ್ಮದ ಜೇಬಿನಿಂದ ಹೊರಟ ಪ್ರತಿ ಸಿಪ್ಪೆಯ ಮೇಲೂ ತೆಳ್ಳಗಿನ ಜೀವಂತ ಹೊರಚರ್ಮ ಹೊದ್ದುಕೊಂಡಿರುತ್ತದೆ. ಹಾಗಾಗಿ ಒಂದು ಸಿಪ್ಪೆ ಕಿತ್ತರೆ ಹೆಂಚು ತೆಗೆದಂತೆ ಆಗುವುದಿಲ್ಲ, ಉಗುರು ಕಿತ್ತಂತೆ ಆಗುತ್ತದೆ.

ಆ ಹೊರಚರ್ಮ ಎಷ್ಟು ದಪ್ಪ? ಗೆಂಡೆಯಂಥ ಮೀನಿನಲ್ಲಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗ ಇದ್ದರೆ ಹೆಚ್ಚು. ಆದರೆ ಅಷ್ಟರಲ್ಲೇ ಬೇರೆ ಬೇರೆ ಕಸುಬಿನ ಕೋಶಗಳು ಸಂಸಾರ ಹೂಡಿವೆ.

ತೀರಾ ಮೇಲಿರುವುದು ಹಾಸುಗಲ್ಲಿನ ಹಾಗೆ ಜೋಡಿಸಿಕೊಂಡ ಚಪ್ಪಟೆ ಕೋಶಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದರ ಮೇಲೂ ಸುರುಳಿ ಸುರುಳಿ ಗೆರೆ, ಥೇಟ್ ನಮ್ಮ ಹೆಬ್ಬೆಟ್ಟಿನ ಗುರುತು. ಈ ಗೆರೆಗಳ ಸಂದಿಯಲ್ಲಿ ಲೋಳೆ ನಿಲ್ಲುತ್ತದೆ. ಈ ಚಪ್ಪಟೆ ಕೋಶಗಳಿಗೆ ಇನ್ನೊಂದು ಗುಣ ಇದೆ. ಚರ್ಮ ಹರಿದರೆ ಅಕ್ಕಪಕ್ಕದವು ಹೊಸ ಕೋಶ ಹುಟ್ಟಲಿ ಅಂತ ಕಾಯುವುದಿಲ್ಲ, ತಾವೇ ತೆವಳಿಕೊಂಡು ಬಂದು ಗಾಯ ಮುಚ್ಚುತ್ತವೆ. ಗಾಜಿನ ಮೇಲೆ ಬಿಟ್ಟರೆ ನಿಮಿಷಕ್ಕೆ 10 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತ, ಜಾಸ್ತಿ ಓಡುತ್ತವೆ. ಕೋಶದ ಲೋಕದಲ್ಲಿ ಇದು ಕುದುರೆ ಓಟ. ಕೋಶ ಹೇಗೆ ಚಲಿಸುತ್ತದೆ ಎಂದು ಅಧ್ಯಯನ ಮಾಡುವವರು ಮೀನಿನ ಸಿಪ್ಪೆಯಿಂದ ಈ ಕೋಶಗಳನ್ನು ತೆಗೆದು ಬಳಸುವುದು ಈ ಓಟಕ್ಕಾಗಿಯೇ. ಸಣ್ಣ ಗೀರಾದರೆ ಕೆಲವೇ ಗಂಟೆಗಳಲ್ಲಿ ತೆಳು ಮುಚ್ಚಳ ಬಿದ್ದಿರುತ್ತದೆ. ಮೀನು ನೀರಲ್ಲಿ ಬದುಕುವುದರಿಂದ ಈ ಆತುರ. ನಮ್ಮ ಹಾಗೆ ಹಕ್ಕಳೆ ಕಟ್ಟಿ ಒಣಗಿಸಿಕೊಳ್ಳಲು ಅದಕ್ಕೆ ಜಾಗವೇ ಇಲ್ಲ.

ಅವುಗಳ ನಡುವೆ ಲೋಳೆ ಕೋಶಗಳಿವೆ. ಕೆಳಗೆ ಹುಟ್ಟಿ, ಮೇಲೆ ಏರುತ್ತಾ ಹೊಟ್ಟೆ ತುಂಬ ಲೋಳೆಯ ಸರಕು ತುಂಬಿಕೊಳ್ಳುತ್ತವೆ. ಮೇಲ್ಮೈ ತಲುಪಿದಾಗ ಬಾಯಿ ತೆರೆದು ಸುರಿಯುತ್ತವೆ. ಒಳಗೆ ಸರಕು ಒತ್ತಿ ಮಡಚಿಟ್ಟ ಒಣ ಗಂಟಿನ ಹಾಗಿರುತ್ತದೆ. ನೀರು ತಾಗಿದ ತಕ್ಷಣ ಉಬ್ಬುತ್ತದೆ. ಕಾಮಕಸ್ತೂರಿ ಬೀಜ ನೆನೆಹಾಕಿದರೆ ಉಬ್ಬುತ್ತದಲ್ಲ, ಅದೇ ರೀತಿ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ.

ಈ ಲೋಳೆ ಇರುವುದು ಬರೀ ಜಾರಲಿಕ್ಕೆ ಅಂದುಕೊಳ್ಳಬೇಡಿ. ಅದೊಂದು ಹರಿಯುವ ಬಲೆ. ಕೆರೆಯ ನೀರಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರದ ಬೀಜಾಣು, ಪರೋಪಜೀವಿ ಮರಿಗಳು ಸದಾ ತೇಲುತ್ತಿರುತ್ತವೆ. ಅವು ಲೋಳೆಗೆ ಅಂಟುತ್ತವೆ. ಮೀನು ಮುಂದೆ ಹೋದಂತೆ ಹಳೆ ಲೋಳೆ ಕಳಚಿ ಹೋಗುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ದಿನಕ್ಕೊಮ್ಮೆ ಅಂಗಳ ಸಾರಿಸುವುದು ಹೋಗಲಿ, ಇದು ನಿಲ್ಲದೆ ಸಾರಿಸುತ್ತಲೇ ಇರುವ ಕೆಲಸ. ಅಂಟಿದ್ದನ್ನು ಕೊಲ್ಲುವ ಸರಂಜಾಮೂ ಅದರಲ್ಲೇ ಇದೆ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಒಂದು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಮನುಷ್ಯರ ಸಿಂಬಳ, ಕಣ್ಣೀರಲ್ಲಿ ಕಂಡದ್ದು ಇದನ್ನೇ. ಜೊತೆಗೆ ಚಿಕ್ಕ ಚಿಕ್ಕ ಪ್ರೋಟೀನ್ ತುಣುಕುಗಳು ಪ್ರತಿಜೀವಕದ ಹಾಗೆ ಕೆಲಸ ಮಾಡುತ್ತವೆ. 1997ರಲ್ಲಿ ಉತ್ತರ ಅಟ್ಲಾಂಟಿಕ್‌ನ ಒಂದು ಚಪ್ಪಟೆ ಮೀನಿನ ಲೋಳೆಯಿಂದ ಪ್ಲೂರೊಸಿಡಿನ್ ಎಂಬ ಅಂಥದೊಂದನ್ನು ಬೇರ್ಪಡಿಸಿದರು. ಪ್ರತಿಕಾಯಗಳೂ ಇವೆ. ಮೀನುಗಳಲ್ಲಿ ಲೋಳೆಪೊರೆಗಳ ಕಾವಲಿಗೆಂದೇ ಐಜಿಟಿ ಎಂಬ ಪ್ರತಿಕಾಯ ಇದೆ ಎಂದು 2010ರಲ್ಲಿ ಟ್ರೌಟ್ ಮೀನಿನ ಕರುಳಿನ ಮೇಲಿನ ಕೆಲಸ ತೋರಿಸಿತು. ಚರ್ಮದಲ್ಲೂ ಅದೇ ಕೆಲಸ ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಆಫ್ರಿಕಾದ ಶ್ವಾಸಕೋಶ ಮೀನು ಬೇಸಿಗೆಯಲ್ಲಿ ಕೆಸರಲ್ಲಿ ಹೂತುಕೊಂಡು ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತದೆ. ಆ ಗೂಡು ಬರೀ ಒಣಗಿದ ಲೋಳೆ ಎಂದು ಎಲ್ಲರೂ ನಂಬಿದ್ದರು. ಅದರೊಳಗೆ ಜೀವಂತ ರೋಗನಿರೋಧಕ ಕೋಶಗಳಿವೆ, ಅವು ಬ್ಯಾಕ್ಟೀರಿಯಾ ಹಿಡಿಯುತ್ತವೆ ಎಂದು 2021ರಲ್ಲಿ ಪ್ರಕಟವಾಯಿತು.

ನಿಮ್ಮ ಟವೆಲ್‌ಗೆ ಅಂಟಿಕೊಂಡು ಹೋದದ್ದು ಈ ಲೋಳೆ, ಜೊತೆಗೆ ಅದರ ಕೆಳಗಿನ ಚಪ್ಪಟೆ ಕೋಶಗಳ ಒಂದೆರಡು ಪದರ. ಆಮೇಲೆ ಆದದ್ದು ಎರಡು ಅನಾಹುತ. ಒಂದು, ಸಿಹಿನೀರಿನ ಮೀನಿನ ರಕ್ತ ಕೆರೆಯ ನೀರಿಗಿಂತ ತುಂಬಾ ಉಪ್ಪು. ಚರ್ಮ ತೆಳುವಾದ ಕಡೆ ನೀರು ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ಕಿವಿರಿನಲ್ಲಿ ಉಪ್ಪು ಹೀರಿಕೊಳ್ಳುವ ಬೇರೆ ಕೋಶಗಳು ಹಗಲೂ ರಾತ್ರಿ ದುಡಿದು ಅದನ್ನು ಸರಿದೂಗಿಸಬೇಕು. ಮೀನು ಸುಸ್ತಾಗುತ್ತದೆ. ಎರಡು, ಸಾಪ್ರೊಲೆಗ್ನಿಯಾ ಎಂಬ ನೀರಿನ ಶಿಲೀಂಧ್ರ. ನೀವು ಹತ್ತಿ ಅಂದದ್ದು ಇದು. ಇದರ ಬೀಜಾಣು ಯಾವ ಸಿಹಿನೀರಲ್ಲೂ ಇರುತ್ತದೆ, ನಿಮ್ಮ ಹೊಂಡಕ್ಕೆ ಯಾರೂ ತಂದು ಹಾಕಿದ್ದಲ್ಲ. ಗಟ್ಟಿ ಚರ್ಮದ ಮೇಲೆ ಅದಕ್ಕೆ ನೆಲೆ ಸಿಗುವುದಿಲ್ಲ. ಒರೆಸಿದ ಜಾಗ ಸಿಕ್ಕಿತು, ಮೇಲಾಗಿ ಡಿಸೆಂಬರ್‌ನ ತಣ್ಣನೆ ನೀರು. ಚಳಿಗೆ ಮೀನಿನ ಗಾಯ ಮುಚ್ಚುವುದೂ ನಿಧಾನ, ರೋಗನಿರೋಧಕ ಶಕ್ತಿಯೂ ನಿಧಾನ, ಈ ಶಿಲೀಂಧ್ರಕ್ಕೆ ಮಾತ್ರ ಹಬ್ಬ. ಅದು ಬೆಳೆದು ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ವಾರ, ಹತ್ತು ದಿನ ಆಗಿರುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಒರೆಸದ ಮೀನುಗಳು ಅದೇ ನೀರಲ್ಲಿ, ಅದೇ ಮೇವು ತಿಂದು ಚೆನ್ನಾಗಿಯೇ ಇವೆ ಅಂತ ನನ್ನ ಊಹೆ. ಹಾಗಿದ್ದರೆ ನೀರನ್ನೂ ಮೇವನ್ನೂ ದೂರಬೇಡಿ.

ಸತ್ತ ಮೀನಿನ ಮೈಮೇಲೆ ಹತ್ತಿಯ ಬದಲು ಕೆಂಪು ಹುಣ್ಣು ಕಂಡರೆ ಕಥೆ ಬೇರೆ. ಅದು ಅಫನೋಮೈಸಿಸ್ ಎಂಬ ಇನ್ನೊಂದು ನೀರಿನ ಶಿಲೀಂಧ್ರದಿಂದ ಬರುವ ಹುಣ್ಣು ರೋಗ ಇರಬಹುದು. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ದೇಶದೊಳಗೆ ಬಂದು, ಕೆಲವೇ ವರ್ಷದಲ್ಲಿ ದಕ್ಷಿಣಕ್ಕೂ ಇಳಿಯಿತು. ಕೊರವ ಮೀನನ್ನು ಅದು ಕಾಡಿದ ಹಾಗೆ ಬೇರೆ ಕಡಿಮೆ ಮೀನನ್ನು ಕಾಡಿದೆ. ಅದಕ್ಕೂ ಒಳನುಗ್ಗಲು ಬಿರುಕು ಬಿಟ್ಟ ಚರ್ಮ ಬೇಕು. ಮಳೆಗಾಲ ಮುಗಿದು ನೀರು ಹುಳಿಯಾದಾಗ, ತಣ್ಣಗಾದಾಗ ಚರ್ಮ ಕೆಡುತ್ತದೆ. ಚಳಿಗಾಲಕ್ಕೆ ಮುಂಚೆ ಹೊಂಡಕ್ಕೆ ಸುಣ್ಣ ಹಾಕಿ ಎಂದು ಹೇಳುವುದರ ಹಿಂದಿನ ಲೆಕ್ಕ ಇದೇ. ಮೀನು ಹೇನಿನ ಕಾಟ ಇದ್ದರೆ ಅದು ಚುಚ್ಚಿದ ತೂತುಗಳೂ ಬಾಗಿಲೇ.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಜ ಹೇಳಬೇಕೆಂದರೆ ನಾನು ಉತ್ತರ ಬರೆಯಲು ಕೂತದ್ದೇ ಇದಕ್ಕಾಗಿ.

ಚರ್ಮದ ನಡುಪದರದಲ್ಲಿ ಇನ್ನೊಂದು ಬಗೆಯ ಕೋಶ ಇದೆ. ದೊಡ್ಡದು, ಬಿಳಿಚಿದ್ದು, ಗದೆಯ ಆಕಾರ. ಹೆಸರೂ ಗದೆ ಕೋಶ ಎಂದೇ. ವಿದ್ಯಾರ್ಥಿಯಾಗಿದ್ದಾಗ ಗೆಂಡೆಯ ಚರ್ಮದ ಸೀಳಿನಲ್ಲಿ ಮೊದಲ ಸಲ ಇದನ್ನು ನೋಡಿ, ನಾನು ಸ್ಲೈಡ್ ಮಾಡುವಾಗ ಗುಳ್ಳೆ ಎದ್ದಿದೆ ಅಂದುಕೊಂಡು ಎಸೆದುಬಿಟ್ಟಿದ್ದೆ. ಎರಡನೇ ಸ್ಲೈಡ್‌ನಲ್ಲೂ ಅದೇ ಗುಳ್ಳೆ. ಮೂರನೆಯದರಲ್ಲೂ. ಆಮೇಲೆ ಮೇಷ್ಟ್ರು ನಕ್ಕು, ಅದನ್ನೇ ನೋಡೋಕೆ ಹೇಳಿದ್ದು ಅಂದರು.

ಲೋಳೆ ಕೋಶಕ್ಕೆ ಬಾಯಿ ಇದೆ. ಗದೆ ಕೋಶಕ್ಕೆ ಬಾಯಿಯೇ ಇಲ್ಲ. ಅದು ಎಂದೂ ಮೇಲ್ಮೈಗೆ ಬಂದು ಸುರಿಯುವುದಿಲ್ಲ. ಒಳಗಿರುವ ಸರಕು ಹೊರಬರಬೇಕಾದರೆ ಯಾರಾದರೂ ಚರ್ಮ ಹರಿದು ಕೋಶವನ್ನು ಒಡೆಯಲೇಬೇಕು. ಅಂದರೆ ಹಲ್ಲು, ಕೊಕ್ಕು, ಗಾಳ, ಇಲ್ಲವೇ ನಿಮ್ಮ ಬಲೆಯ ಗಂಟು.

ಒಡೆದರೆ ಏನಾಗುತ್ತದೆ ಎಂದು ಮೊದಲು ಕಂಡವರು ಕಾರ್ಲ್ ಫಾನ್ ಫ್ರಿಶ್. ಜೇನುನೊಣದ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಹಂಚಿಕೊಂಡ ಆಸ್ಟ್ರಿಯಾದ ವಿಜ್ಞಾನಿ. ಅವರು ಮಿನ್ನೋ ಎಂಬ ಬೆರಳುದ್ದದ ಮೀನುಗಳನ್ನೂ ಸಾಕಿ ನೋಡುತ್ತಿದ್ದರು. ನಿಮ್ಮ ಗೆಂಡೆಗೆ ಇದು ದೂರದ ನೆಂಟ. ಗುರುತು ಸಿಗಲಿ ಅಂತ ಒಂದು ಮೀನಿನ ಬಾಲದ ಬಳಿ ಸಣ್ಣ ಗಾಯ ಮಾಡಿ ಗುಂಪಿಗೆ ಬಿಟ್ಟರು. ಇಡೀ ಗುಂಪು ಚೆಲ್ಲಾಪಿಲ್ಲಿಯಾಗಿ ಓಡಿಹೋಯಿತು. ಗಾಯದ ಮೀನನ್ನು ಕಂಡು ಹೆದರಿದವೋ, ಅದು ಏನಾದರೂ ಸನ್ನೆ ಮಾಡಿತೋ? ಅವರು ಮೀನನ್ನೇ ಬಿಟ್ಟು, ಬರೀ ಚರ್ಮ ಅರೆದ ನೀರು ಹಾಕಿ ನೋಡಿದರು. ಆಗಲೂ ಓಡಿದವು. ಸಂಗತಿ ಇದ್ದದ್ದು ವಾಸನೆಯಲ್ಲಿ. 1938ರಲ್ಲಿ ಇದನ್ನು ಪ್ರಕಟಿಸಿದರು. ಜರ್ಮನ್‌ನಲ್ಲಿ ಅದಕ್ಕೆ ಶ್ರೆಕ್‌ಸ್ಟಾಫ್ ಎಂದು ಹೆಸರಿಟ್ಟರು. ನಾವು ದಿಗಿಲು ದ್ರವ್ಯ ಅನ್ನೋಣ.

ಗೆಂಡೆ, ರೋಹು, ಕಾಟ್ಲಾ, ಚೇಳು ಮೀನು, ಇವೆಲ್ಲ ಸೇರುವ ದೊಡ್ಡ ವಂಶದಲ್ಲಿ ಗದೆ ಕೋಶ ಸಾಮಾನ್ಯ. ಹಾಗಾಗಿ ನಿಮ್ಮ ಗೆಂಡೆಯ ಸಿಪ್ಪೆ ಕಿತ್ತಾಗ ನೀರಿಗೆ ದಿಗಿಲು ದ್ರವ್ಯ ಸೇರಿತು, ಉಳಿದವು ಮೂಸಿ ತಳ ಸೇರಿದವು ಅನ್ನುವುದು ಪೂರ್ತಿ ನಂಬುವ ಮಾತು. ಬಲೆಯ ಗದ್ದಲಕ್ಕೂ ಒಂದಿಷ್ಟು ಪಾಲು ಕೊಡಿ. ಒಂದಕ್ಕೊಂದು ಹೇಳಿಕೊಳ್ಳುತ್ತವಾ ಅಂತ ಕೇಳಿದಿರಿ. ಗಾಯಗೊಂಡ ಮೀನು ಹೇಳಿದ್ದಲ್ಲ. ಅದಕ್ಕೆ ಹೇಳದೆ ಇರುವ ಆಯ್ಕೆಯೇ ಇರಲಿಲ್ಲ. ಕೇಳಿಸಿಕೊಂಡವು ಮಾತ್ರ ಪಾಠ ಕಲಿಯುತ್ತವೆ. ಈ ವಾಸನೆ ಬಂದಾಗ ಜೊತೆಗೆ ಯಾವ ಹೊಸ ವಾಸನೆ ಇತ್ತೋ ಅದನ್ನೂ ಅಪಾಯದ ಪಟ್ಟಿಗೆ ಸೇರಿಸುತ್ತವೆ. ಒಂದೇ ಸಲ ಸಾಕು, ವಾರಗಟ್ಟಲೆ ಮರೆಯುವುದಿಲ್ಲ. ಒಂದೇ ಜಾಗದಲ್ಲಿ ಗಾಳ ಹಾಕಿದರೆ ಎರಡು ಮೀನು ಸಿಕ್ಕ ಮೇಲೆ ಕಚ್ಚುವುದೇ ಇಲ್ಲ ಅಂತ ಗಾಳದವರು ಗೊಣಗುತ್ತಾರಲ್ಲ, ಅದರಲ್ಲಿ ಹುರುಳಿದೆ.

ಆ ದ್ರವ್ಯ ಏನು ಅನ್ನುವುದು ಎಷ್ಟೋ ದಶಕ ಕೈಗೆ ಸಿಗಲಿಲ್ಲ. 2012ರಲ್ಲಿ ಸಿಂಗಪುರದ ವಿಜ್ಞಾನಿಗಳು ಜೀಬ್ರಾ ಮೀನಿನ ಚರ್ಮದಲ್ಲಿ ಕಾಂಡ್ರಾಯ್ಟಿನ್ ಎಂಬ ಸಕ್ಕರೆ ಸರಪಳಿಯ ತುಣುಕುಗಳು ಭಯ ಹುಟ್ಟಿಸುತ್ತವೆ ಎಂದು ತೋರಿಸಿದರು. ಮಂಡಿನೋವಿಗೆ ಅಂತ ಮಾತ್ರೆ ರೂಪದಲ್ಲಿ ಮಾರುತ್ತಾರಲ್ಲ, ಅದೇ ಕಾಂಡ್ರಾಯ್ಟಿನ್. ಜೀಬ್ರಾ ಮೀನು ನಮ್ಮ ದೇಶದ ಹಳ್ಳ, ಗದ್ದೆಯ ಕಾಲುವೆಗಳದ್ದೇ. ಈಗ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನು ಸಾಕುತ್ತವೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಕೋಶದಿಂದ ಅದನ್ನು ಹೊತ್ತ ಮೀನಿಗೆ ಏನು ಲಾಭ? ಕೋಶ ಒಡೆಯುವ ಹೊತ್ತಿಗೆ ಅದು ಇನ್ನೊಂದರ ಬಾಯಲ್ಲಿರುತ್ತದೆ. ತನ್ನ ಚರ್ಮ ಕೊಟ್ಟು ನೆರೆಯವರನ್ನು ಉಳಿಸುವ ತ್ಯಾಗವನ್ನು ಪ್ರಕೃತಿ ಅಷ್ಟು ಸುಲಭಕ್ಕೆ ಸಾಕುವುದಿಲ್ಲ. ಕೆನಡಾದ ಸಂಶೋಧಕರು 1990ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು. ಈ ವಾಸನೆ ದೊಡ್ಡ ಬೇಟೆ ಮೀನುಗಳನ್ನೂ ಎಳೆಯುತ್ತದೆ. ಎರಡನೇ ಬೇಟೆಗಾರ ಬಂದು ಮೊದಲನೆಯದರ ಜೊತೆ ಕಿತ್ತಾಡುವಾಗ ಬಾಯಲ್ಲಿದ್ದದ್ದು ಕೆಲವು ಸಲ ತಪ್ಪಿಸಿಕೊಳ್ಳುತ್ತದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತೀವಲ್ಲ, ಇಲ್ಲಿ ಆ ಮೂರನೆಯವನು ಊಟದ ತುತ್ತೇ.

2007ರಲ್ಲಿ ಅದೇ ಬಳಗದವರು ಇನ್ನೊಂದು ಮಾತು ಮುಂದಿಟ್ಟರು. ಗದೆ ಕೋಶ ಮೂಲದಲ್ಲಿ ಎಚ್ಚರಿಕೆ ಗಂಟೆಯೇ ಅಲ್ಲ, ಚರ್ಮದ ಕಾವಲುಗಾರ. ನೀರಿನ ಶಿಲೀಂಧ್ರ ಅಥವಾ ಚರ್ಮ ಕೊರೆಯುವ ಪರೋಪಜೀವಿ ಇರುವ ನೀರಲ್ಲಿ ಇಟ್ಟಾಗ ಮಿನ್ನೋ ಮೀನುಗಳು ಹೆಚ್ಚು ಗದೆ ಕೋಶ ಮಾಡಿಕೊಂಡವು. ಹೀಗೆ ಮೊದಲು ಸ್ವಂತ ಮೈ ಕಾಯಲು ಬಂದ ಕೋಶ ಅದು, ಅದು ಒಡೆದ ವಾಸನೆಯನ್ನು ಅಪಾಯದ ಸುಳಿವಾಗಿ ಓದಲು ನೆರೆಯವರು ಆಮೇಲೆ ಕಲಿತರು ಎಂಬ ವಾದ. ಆನಂತರದ ಪ್ರಯೋಗಗಳೆಲ್ಲ ಇದಕ್ಕೆ ತಲೆ ಆಡಿಸಿಲ್ಲ, ನಿಜ. ಆದರೂ ನನಗೆ ಒಪ್ಪುವುದು ಇದೇ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿ ನಾವು ಎದ್ದು ಕೂರುತ್ತೇವೆ. ಪಾತ್ರೆ ಮಾಡಿದವನು ಅದನ್ನು ಗಂಟೆ ಅಂತ ಮಾಡಿರುವುದಿಲ್ಲವಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿವರ ಒಂದಿದೆ. ಅಮೆರಿಕದ ಫ್ಯಾಟ್‌ಹೆಡ್ ಮಿನ್ನೋ ಜಾತಿಯಲ್ಲಿ ಮೊಟ್ಟೆ ಕಾಯುವುದು ಗಂಡು. ಕಲ್ಲಿನಡಿಯ ಗೂಡನ್ನು ಮೈಯಿಂದ ಉಜ್ಜಿ ಉಜ್ಜಿ ಶುಚಿ ಮಾಡುತ್ತದೆ. ಹಾಗೆ ಉಜ್ಜುವಾಗ ಗದೆ ಕೋಶ ಒಡೆದರೆ ಹೆಣ್ಣುಗಳು ಹೆದರಿ ಓಡಬೇಕಲ್ಲ. ಸಂತಾನ ಕಾಲ ಬಂದಾಗ ಗಂಡಿನ ಚರ್ಮದಿಂದ ಗದೆ ಕೋಶಗಳೇ ಮಾಯವಾಗುತ್ತವೆ. ಕಾಲ ಮುಗಿದ ಮೇಲೆ ಮತ್ತೆ ಬರುತ್ತವೆ.

ಇನ್ನು ನಿಮ್ಮ ಹೊಂಡಕ್ಕೆ ಬರೋಣ. ತೂಕ ನೋಡುವುದು ಬಿಡಬೇಡಿ, ವಿಧಾನ ಬದಲಿಸಿ. ಬಕೆಟ್‌ನಲ್ಲಿ ಹೊಂಡದ್ದೇ ನೀರು ಹಾಕಿ ತಕ್ಕಡಿ ಮೇಲೆ ಇಟ್ಟು, ಅದನ್ನು ಸೊನ್ನೆ ಮಾಡಿ. ಆಮೇಲೆ ಐದಾರು ಮೀನು ಒಟ್ಟಿಗೆ ಬಿಟ್ಟು ತೂಕ ನೋಡಿ, ಎಣಿಸಿ, ಭಾಗಿಸಿ. ಒಂದೊಂದನ್ನೂ ಕೈಯಲ್ಲಿ ಹಿಡಿಯುವ ಗೋಜೇ ಇಲ್ಲ. ಹಿಡಿಯಲೇಬೇಕಾದರೆ ಕೈ ಒದ್ದೆ ಇರಲಿ, ಬಟ್ಟೆಯೂ ಒದ್ದೆ ಇರಲಿ. ಗಂಟಿಲ್ಲದ ನುಣುಪು ಬಲೆ ಸಿಕ್ಕರೆ ಒಳ್ಳೆಯದು. ಬೆಳಗಿನ ತಂಪಲ್ಲಿ ಮುಗಿಸಿ, ಹಿಂದಿನ ಸಂಜೆ ಮೇವು ಹಾಕಬೇಡಿ. ತೀರಾ ಚಳಿಯ ವಾರಗಳಲ್ಲಿ ಸುಮ್ನೆ ಬಿಟ್ಟುಬಿಡಿ, ಆಗ ಅವು ಬೆಳೆಯುವುದೂ ಅಷ್ಟಕ್ಕಷ್ಟೇ.

ಹಿಡಿದು ಬಿಡುವ ಮುಂಚೆ ಉಪ್ಪು ನೀರಿನಲ್ಲಿ ಅದ್ದುವುದು ಹಳೆಯ ಉಪಾಯ, ಈಗಲೂ ಒಳ್ಳೆಯ ಉಪಾಯ. ಹತ್ತು ಲೀಟರ್ ಹೊಂಡದ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪು ಪೂರ್ತಿ ಕರಗಿಸಿ, ಒಂದೆರಡು ನಿಮಿಷ ಇಡಿ. ಪಕ್ಕದಲ್ಲೇ ನಿಂತಿರಿ. ಮೀನು ಮಗ್ಗುಲಾಗಿ ವಾಲಿದರೆ ಆ ಕ್ಷಣವೇ ತೆಗೆದು ಹೊಂಡಕ್ಕೆ ಬಿಡಿ. ಈ ಉಪ್ಪು ಪರೋಪಜೀವಿ, ಶಿಲೀಂಧ್ರಗಳನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಲೋಳೆ ಕೋಶಗಳನ್ನೂ ಎಬ್ಬಿಸುತ್ತದೆ. ಆದರೆ ಜಾಸ್ತಿ ಹೊತ್ತು ಇಟ್ಟರೆ ಅದೇ ಉಪ್ಪು ಚರ್ಮವನ್ನು ಸುಡುತ್ತದೆ. ಈಗಾಗಲೇ ಹತ್ತಿ ಕಟ್ಟಿದ ಮೀನು ಉಳಿದಿದ್ದರೆ ಹಿಡಿದು ಬೇರೆ ತೊಟ್ಟಿಗೆ ಹಾಕಿ, ಔಷಧಿಗೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ತೋರಿಸಿ. ಅಂಗಡಿಯವರು ಹೇಳಿದ ನೀಲಿ, ಹಸಿರು ಬಣ್ಣದ ಪುಡಿಗಳನ್ನು ಹೊಂಡಕ್ಕೆ ಸುರಿಯಬೇಡಿ. ಅದು ನೀವು ತಿನ್ನುವ, ಮಾರುವ ಮೀನು.

ಸಿಪ್ಪೆ ಕಿತ್ತ ಮೀನನ್ನು ಗುಂಪಿಗೆ ವಾಪಸ್ ಬಿಡಬೇಡಿ. ಮನೆಗೆ ಒಯ್ದು ಸಾರು ಮಾಡಿ. ಅಡುಗೆಮನೆಯಲ್ಲಿ ಬೂದಿ ಹಚ್ಚಿ, ಉಪ್ಪು ಹಚ್ಚಿ, ಒಣ ಟವೆಲ್‌ನಲ್ಲಿ ಹಿಡಿದು ಎಷ್ಟು ಬೇಕಾದರೂ ಉಜ್ಜಿ.